ತಿಪ್ಪೆಯ ಕೋಳಿ, ಗದ್ದೆಯ ಬಾತು ಮತ್ತು ಕೈಬಿಟ್ಟ ಇರುವೆ

ಬಾದಾಮಿ, ಹುನಗುಂದ, ಇಳಕಲ್ ಸಂತೆಗಳಲ್ಲಿ ಜವಾರಿ ಕೋಳಿಗೆ ಫಾರಂ ಕೋಳಿಗಿಂತ ಹೆಚ್ಚು ಬೆಲೆ. ಅದೇ ಕೋಳಿ ಹುಬ್ಬಳ್ಳಿ, ಬೆಂಗಳೂರಿನ ಅಂಗಡಿ ಸೇರಿದರೆ ಬೆಲೆಯ ಜೊತೆಗೆ ಮೂರು ಮಾತೂ ಸೇರಿಕೊಳ್ಳುತ್ತವೆ: ಬಯಲಲ್ಲಿ ಮೇಯ್ದ ಹಕ್ಕಿ, ಔಷಧ ಕಂಡದ್ದಿಲ್ಲ, ಅದಕ್ಕೆ ರೋಗವೇ ಬರುವುದಿಲ್ಲ. ಮೊದಲ ಎರಡು ಬಹುಮಟ್ಟಿಗೆ ನಿಜ. ಮೂರನೆಯದು ಸುಳ್ಳು, ಮತ್ತು ಆ ಸುಳ್ಳಿಗೆ ದಂಡ ತೆರುತ್ತಿರುವವರು ಹಳ್ಳಿಯ ಹೆಣ್ಣುಮಕ್ಕಳು. ಬಯಲಲ್ಲಿ ಮೇಯುವ ಕೋಳಿ, ಬಾತುಗಳ ಕರುಳಲ್ಲಿ ಜಂತುಹುಳು ಇರುವುದೇ ವಾಡಿಕೆ, ಇಲ್ಲದಿರುವುದು ಅಪರೂಪ. ಇಥಿಯೋಪಿಯದ ಅಮ್ಹಾರ ಪ್ರದೇಶದ ನಾಲ್ಕು ಗ್ರಾಮೀಣ ಜಿಲ್ಲೆಗಳ ಊರ ಕೋಳಿಗಳನ್ನು ಕೊಯ್ದು ನೋಡಿದ ಸಮೀಕ್ಷೆಯೊಂದು 2001ರಲ್ಲಿ ಪ್ರಕಟವಾಯಿತು. ಹತ್ತು ಕೋಳಿಗಳಲ್ಲಿ ಒಂಬತ್ತರಲ್ಲಿ ಹುಳುಗಳಿದ್ದವು. ಅದು ಬಡದೇಶದ ಕಥೆ ಎನ್ನುವವರು 2011ರ ಜರ್ಮನಿಯ ವರದಿ ನೋಡಬೇಕು. ಸಾವಯವ ಪದ್ಧತಿಯಲ್ಲಿ ಬಯಲಿಗೆ ಬಿಟ್ಟು ಸಾಕಿದ, ದುಬಾರಿ ಮೊಟ್ಟೆ ಇಡುವ ಕೋಳಿಗಳಲ್ಲಿ ಬಹುತೇಕ ಎಲ್ಲದರ ಹೊಟ್ಟೆಯಲ್ಲೂ ಹುಳುಗಳಿದ್ದವು.

ಊರ ತಳಿಗೆ ಹುಟ್ಟಿನಿಂದಲೇ ರಕ್ಷಣೆ ಇದೆ ಎಂಬ ನಂಬಿಕೆಯೂ ಪರೀಕ್ಷೆಗೆ ನಿಂತಿಲ್ಲ. ಡೆನ್ಮಾರ್ಕಿನ ಪರ್ಮಿನ್ ಮತ್ತು ರಾನ್‌ವಿಗ್ ತಮ್ಮ ದೇಶದ ಹಳೆಯ ನಾಡ ತಳಿಗೂ ಲೋಹ್‌ಮನ್ ಬ್ರೌನ್ ಎಂಬ ವ್ಯಾಪಾರಿ ತಳಿಗೂ ಒಂದೇ ಬಗೆಯ ದುಂಡುಹುಳುವಿನ ಮೊಟ್ಟೆ ತಿನ್ನಿಸಿ ನೋಡಿದರು. ಕಡಿಮೆ ಹುಳು ಸಿಕ್ಕಿದ್ದು ವ್ಯಾಪಾರಿ ತಳಿಯಲ್ಲಿ. ಜವಾರಿ ಕೋಳಿಗೆ ಬಿಸಿಲು ತಡೆಯುವ, ಮರಿ ಮಾಡುವ, ಹದ್ದಿನಿಂದ ತಪ್ಪಿಸಿಕೊಳ್ಳುವ ಶಕ್ತಿಯುಂಟು. ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಹುಳುವಿನ ಲೆಕ್ಕ ಬೇರೆ.

ಮಲಪ್ರಭೆಯ ದಂಡೆಯ ಶಿವಯೋಗ ಮಂದಿರವನ್ನು ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದರು. ವಟುಗಳ ಪಾಠ, ಗೋಸೇವೆ, ವಿಭೂತಿ ತಯಾರಿಕೆಗೆ ಹೆಸರಾದ ಆ ಆವರಣದಲ್ಲಿ ಕೋಳಿಗೆ ಜಾಗವಿಲ್ಲ, ಇರಬೇಕಾಗಿಯೂ ಇಲ್ಲ. ಅಲ್ಲಿಂದ ಪಟ್ಟದಕಲ್ಲು, ಐಹೊಳೆಯ ಕಡೆ ನದಿಗುಂಟ ಹೊರಟರೆ ಮಾತ್ರ ಊರೂರಿನ ತಿಪ್ಪೆಗಳ ಮೇಲೆ ಕೋಳಿಗಳು ಕೆದರುತ್ತಿರುತ್ತವೆ. ಬೀಳುವ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಚೀಚೆ, ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ನವಿಲುತೀರ್ಥದ ಅಣೆಕಟ್ಟು ನೀರು ಕೊಡಲು ಶುರುಮಾಡಿದ 1970ರ ದಶಕದಿಂದ ಒಣನೆಲದ ನಡುವೆ ಕಾಲುವೆಯ ತೇವವೂ ಬಂದಿದೆ. ಐದಾರು ಕೋಳಿ, ಒಂದು ಬುಟ್ಟಿ, ರಾತ್ರಿಗೊಂದು ಗೂಡು: ಇಷ್ಟೇ ಬಂಡವಾಳ. ಮೊಟ್ಟೆ ಮಾರಿದ ದುಡ್ಡು ಮನೆಯೊಡತಿಯ ಕೈಯಲ್ಲೇ ಉಳಿಯುತ್ತದೆ. ಈ ಕೋಳಿಗಳ, ಮತ್ತು ಇವುಗಳ ನೀರಿನ ನೆಂಟರಾದ ಬಾತುಗಳ ಹುಳುಗಳನ್ನು ಕುರಿತ ವಿದ್ಯೆ ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು ಎಂಬುದನ್ನು ಹೇಳದೆ ಮೇಲಿನ ಸುಳ್ಳಿಗೆ ಉತ್ತರವಿಲ್ಲ.

ಆರಂಭದ ಕಾಲವನ್ನು ಬೇಗ ದಾಟಬಹುದು. ಬರ್ಲಿನ್ನಿನ ವೈದ್ಯ ಬ್ಲಾಕ್ 1782ರಲ್ಲಿ ನೀರಹಕ್ಕಿಗಳ ಈಟಿಯಾಕಾರದ ಲಾಡಿಹುಳುವನ್ನು ವರ್ಣಿಸಿದ. 1788ರಲ್ಲಿ ಶ್ರಾಂಕ್ ಕೋಳಿಯ ದುಂಡುಹುಳುವಿಗೆ ಹೆಸರಿಟ್ಟ. ಇವತ್ತು ಅದು ಅಸ್ಕಾರಿಡಿಯಾ ಗ್ಯಾಲಿ. ಬಾತುಗಳ ಕರುಳಿನ ಚಪ್ಪಟೆಹುಳು ಎಕಿನೊಸ್ಟೋಮ ರೆವೊಲ್ಯೂಟಮ್ 1802ರಲ್ಲಿ ಫ್ರೋಲಿಕ್‌ನ ಕೈಯಿಂದ ದಾಖಲೆ ಸೇರಿತು. ಇವರೆಲ್ಲ ಹುಳುವನ್ನು ಕಂಡರು, ಅದು ಹಕ್ಕಿಯ ಹೊಟ್ಟೆಗೆ ಹೇಗೆ ಬಂತೆಂದು ಕೇಳಲಿಲ್ಲ. ಆ ಬಗೆಯ ಪ್ರಶ್ನೆಗೆ ದೊಡ್ಡ ಉತ್ತರವೊಂದು ಬಂದದ್ದು ಅಮೆರಿಕದಿಂದ. ಟರ್ಕಿ ಕೋಳಿಗಳ ಯಕೃತ್ತನ್ನು ಹಾಳುಮಾಡುವ ಸೂಕ್ಷ್ಮಜೀವಿಯನ್ನು 1895ರಲ್ಲಿ ಗುರುತಿಸಿದ ಥಿಯೊಬಾಲ್ಡ್ ಸ್ಮಿತ್, ಅದು ಹೆಟೆರಾಕಿಸ್ ಎಂಬ ಪುಟ್ಟ ದುಂಡುಹುಳುವಿನ ಮೊಟ್ಟೆಯೊಳಗೆ ಕುಳಿತು ಹರಡುತ್ತದೆ ಎಂದು 1920ರಲ್ಲಿ ಗ್ರೇಬಿಲ್ ಜೊತೆ ಸೇರಿ ತೋರಿಸಿದರು. ಕಾನ್ಸಾಸ್‌ನ ಆಕರ್ಟ್ ಕೋಳಿಯ ವಯಸ್ಸಿಗೂ ಹುಳುವಿಗೂ, ಎ ಜೀವಸತ್ವದ ಕೊರತೆಗೂ ಹುಳುವಿಗೂ ಇರುವ ನಂಟನ್ನು ಹಿಡಿದರು. ಬೆಳೆದ ಕೋಳಿ ಹುಳುವನ್ನು ತಡೆದುಕೊಳ್ಳುತ್ತದೆ, ಮೂರು ತಿಂಗಳೊಳಗಿನ ಮರಿ ತಡೆಯದು ಎಂಬ ತಿಳಿವಳಿಕೆ ಆ ಕಾಲದ್ದು. ಅದನ್ನು ಮತ್ತೆ ನೆನೆಯಬೇಕಾಗುತ್ತದೆ.

ನಮ್ಮಲ್ಲಿ ಕೆಲಸ ಶುರುವಾದದ್ದು ವಸ್ತುಸಂಗ್ರಹಾಲಯದ ಬಾಟಲಿಗಳಿಂದ. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲ ಮಾಲೆಯಲ್ಲಿ ಸೌತ್‌ವೆಲ್ 1930ರಲ್ಲಿ ಲಾಡಿಹುಳುಗಳ ಎರಡು ಸಂಪುಟ ತಂದರು. ಬೇಲಿಸ್ 1936 ಮತ್ತು 1939ರಲ್ಲಿ ದುಂಡುಹುಳುಗಳದ್ದನ್ನು ತಂದರು. ಜಿ. ಡಿ. ಭಾಲೇರಾವ್ 1935ರಲ್ಲಿ ಭಾರತದ ಸಾಕುಪ್ರಾಣಿಗಳ ಜಂತುಹುಳುಗಳ ಪಟ್ಟಿಯನ್ನು ಒಂದೇ ಪುಸ್ತಕದಲ್ಲಿ ಕಲೆಹಾಕಿದರು. ಪ್ರತಿ ಪ್ರಯೋಗಾಲಯದ ಕಪಾಟಿನಲ್ಲೂ ಈ ಪುಸ್ತಕಗಳಿದ್ದವು, ಗುರುತು ಹಿಡಿಯಲು ಇವತ್ತಿಗೂ ಬೇಕು. ಆದರೆ ಪುಸ್ತಕದ ಕೋಳಿಗೆ ಊರಿಲ್ಲ, ಯಜಮಾನಿಯಿಲ್ಲ, ಮಳೆಗಾಲ ಬೇಸಿಗೆಗಳಿಲ್ಲ.

ಆ ಕೊರತೆಯನ್ನು ಮೊದಲು ತುಂಬಿದ್ದು ಕೋಳಿಯಲ್ಲ, ದನ. ಮದರಾಸಿನ ಎಂ. ಅನಂತ ನಾರಾಯಣ ರಾವ್ 1933ರಲ್ಲಿ ದನಗಳ ಗೊರಕೆ ರೋಗಕ್ಕೆ ಮೂಗಿನ ರಕ್ತನಾಳದಲ್ಲಿ ವಾಸಿಸುವ ಹುಳುವೇ ಕಾರಣವೆಂದು ಪತ್ತೆಹಚ್ಚಿದರು. ಅದನ್ನು ಹರಡುವುದು ಇಂಡೋಪ್ಲಾನಾರ್ಬಿಸ್ ಎಂಬ ಕೆರೆಯ ಬಸವನಹುಳು. ದಕ್ಷಿಣದ ಪಶುವೈದ್ಯರಿಗೆ ಕೆರೆಯ ದಂಡೆಯಲ್ಲಿ ಬಗ್ಗಿ ಬಸವನಹುಳು ಆರಿಸುವ ಅಭ್ಯಾಸ ಹತ್ತಿದ್ದು ಅಲ್ಲಿಂದ.

ಆ ಅಭ್ಯಾಸ ಕರ್ನಾಟಕದಲ್ಲಿ ನೆಲೆ ನಿಂತದ್ದು ಹೆಬ್ಬಾಳದಲ್ಲಿ. 1925ರಲ್ಲಿ ಹುಟ್ಟಿದ ಮೈಸೂರು ಸೀರಂ ಸಂಸ್ಥೆ ಅಲ್ಲಿ ಮೊದಲೇ ಇತ್ತು. 1958ರಲ್ಲಿ ಪಶುವೈದ್ಯಕೀಯ ಕಾಲೇಜು ಬಂತು, 1964ರಲ್ಲಿ ಅದು ಕೃಷಿ ವಿಶ್ವವಿದ್ಯಾಲಯದ ಅಂಗವಾಯಿತು. ಅಲ್ಲಿನ ಪರೋಪಜೀವಿ ವಿಭಾಗದಲ್ಲಿ ಅರವತ್ತು, ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಬೆಳೆದ ಪೀಳಿಗೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇವತ್ತಿನ ವಿಮರ್ಶಾಲೇಖನಗಳಲ್ಲಿ ಅವರ ಕೆಲಸ ಒಂದು ಸಾಲಿನ ಉಲ್ಲೇಖಕ್ಕೆ ಇಳಿದಿದೆ, ಇದು ನ್ಯಾಯವಲ್ಲ.

1973ರಲ್ಲಿ ಕೆ. ಎಸ್. ಹೆಗ್ಡೆ, ಎಸ್. ಅಬ್ದುಲ್ ರಹಮಾನ್, ಜಿ. ಆರ್. ರಾಜಶೇಖರಯ್ಯ ಮತ್ತು ಸಂಗಡಿಗರು ಬೆಂಗಳೂರಿನ ಕೋಳಿಗಳಲ್ಲಿ ಕಂಡುಬರುವ ಜಂತುಹುಳುಗಳ ಸಮೀಕ್ಷೆಯನ್ನು ವಿಶ್ವವಿದ್ಯಾಲಯದ್ದೇ ಆದ ಮೈಸೂರು ಕೃಷಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಲವೇ ಪುಟಗಳ ಬರಹ. ಅದರ ಹಿಂದಿನ ದುಡಿಮೆ ಎಂಥದು ಎಂದು ತಿಳಿಯಲು ಆಗಿನ ಮರಣೋತ್ತರ ಪರೀಕ್ಷೆಯ ಮೇಜಿನ ಬಳಿ ನಿಲ್ಲಬೇಕು.

ಕೋಳಿ ಕೊಯ್ಯುವವನ ಬಳಿಯಿಂದ ತಂದ ಒಳಾಂಗಗಳನ್ನು ಮೊದಲು ದಾರ ಕಟ್ಟಿ ಬೇರ್ಪಡಿಸುತ್ತಾರೆ. ಗಂಟಲಚೀಲ, ಜಠರ, ಕಲ್ಲುಹೊಟ್ಟೆ, ಸಣ್ಣಕರುಳು, ಜೋಡಿ ಕುರುಡುಕರುಳು, ಒಂದೊಂದಕ್ಕೂ ಬೇರೆ ತಟ್ಟೆ. ಉಪ್ಪುನೀರಲ್ಲಿಟ್ಟು ಕತ್ತರಿಯಿಂದ ಉದ್ದಕ್ಕೂ ಸೀಳಿ, ಲೋಳೆಯನ್ನು ಗಾಜಿನ ಪಟ್ಟಿಯಿಂದ ಕೆರೆದು, ಜರಡಿ ಹಿಡಿದು, ಕಪ್ಪು ತಟ್ಟೆಗೆ ಸುರಿಯುತ್ತಾರೆ. ದುಂಡುಹುಳು ಬರಿಗಣ್ಣಿಗೆ ಕಾಣುತ್ತದೆ, ಹೆಣ್ಣು ಅಂಗೈ ಅಗಲ ಬೆಳೆಯುತ್ತದೆ. ಡವೈನಿಯ ಪ್ರೊಗ್ಲೊಟ್ಟಿನ ಎಂಬ ಲಾಡಿಹುಳುವಿನ ಪೂರ್ತಿ ಉದ್ದ ಮೂರು ನಾಲ್ಕು ಮಿಲಿಮೀಟರ್. ಕಣ್ಣು ತಪ್ಪಿಸಿ ಹೋಗುವ ಇದೇ ಮರಿಗಳಿಗೆ ಅತಿ ಅಪಾಯಕಾರಿ. ಜಠರವನ್ನು ಸೀಳುವ ಮೊದಲೇ ಬೆಳಕಿಗೆ ಹಿಡಿದರೆ ಕೆಲವೊಮ್ಮೆ ಹೊರಗಿನಿಂದಲೇ ಕುಂಕುಮದ ಬೊಟ್ಟಿನಂಥ ಕೆಂಪು ಚುಕ್ಕೆಗಳು ಕಾಣುತ್ತವೆ. ಅದು ಟೆಟ್ರಮೆರಿಸ್. ಗ್ರಂಥಿಯೊಳಗೆ ರಕ್ತ ಕುಡಿದು ದುಂಡಗೆ ಉಬ್ಬಿದ ಹೆಣ್ಣು ಹುಳು. ಗಂಡು ಬಿಳಿ, ಸಣಕಲು, ಹುಡುಕಿದರೂ ಸಿಗುವುದು ಕಷ್ಟ. ಕರುಳಿನ ಹೊರಮೈ ತುಂಬ ಕಾಳುಕಾಳಿನಂಥ ಗಂಟುಗಳಿದ್ದರೆ ಹೊಸಬರು ಕ್ಷಯವೆಂದು ಬರೆದುಬಿಡುತ್ತಾರೆ. ಅನುಭವಿ ಗಂಟು ಒತ್ತಿ ನೋಡುತ್ತಾನೆ, ಒಳಗೆ ರಾಯೆಟಿನ ಎಕಿನೊಬೊತ್ರಿಡ ಎಂಬ ಲಾಡಿಹುಳುವಿನ ತಲೆ ಹುದುಗಿರುತ್ತದೆ. ಒಂದು ಕೋಳಿಗೆ ಅರ್ಧ ದಿನ. ಹಿಕ್ಕೆ ಪರೀಕ್ಷೆಯಲ್ಲಿ ಮೊಟ್ಟೆ ಎಣಿಸುವವರಿಗೆ ಲಾಡಿಹುಳುವಿನ ಅರ್ಧದಷ್ಟು ಸುದ್ದಿಯೂ ತಿಳಿಯದು, ಏಕೆಂದರೆ ಅದರ ಮೊಟ್ಟೆಗಳು ಬಿಡಿಯಾಗಿ ಬೀಳುವುದಿಲ್ಲ, ಹುಳುವಿನ ತುಂಡುಗಳೊಳಗೆ ಕಟ್ಟಿಕೊಂಡು ಬೀಳುತ್ತವೆ.

ಹೆಬ್ಬಾಳದ ಆ ಶಾಲೆಯ ನಿಜವಾದ ಗುಣ ಎಣಿಕೆಯಲ್ಲಿರಲಿಲ್ಲ, ಮುಂದಿನ ಪ್ರಶ್ನೆಯಲ್ಲಿತ್ತು. ಕೆರೆಯಿಂದ ತಂದ ಬಸವನಹುಳುಗಳನ್ನು ಗಾಜಿನ ಲೋಟಗಳಲ್ಲಿ ಬಿಟ್ಟು ಬೆಳಕಿಗಿಟ್ಟರೆ ಕೆಲವುಗಳಿಂದ ಸರ್ಕೇರಿಯಾ ಎಂಬ ಹುಳುಮರಿಗಳು ಧೂಳಿನಂತೆ ಹೊರಬೀಳುತ್ತವೆ. ಬಾಲ ಕವಲೊಡೆದಿದ್ದರೆ ರಕ್ತದ ಹುಳು, ಕತ್ತಿನ ಸುತ್ತ ಮುಳ್ಳಿನ ಪಟ್ಟಿ ಇದ್ದರೆ ಬಾತಿನ ಎಕಿನೊಸ್ಟೋಮ. ದನ, ಬಾತು, ಮನುಷ್ಯ, ಮೂವರ ಸುದ್ದಿಯೂ ಒಂದೇ ಲೋಟದಲ್ಲಿ. ಇದೇ ಕಾಲಕ್ಕೆ ತಿರುವನಂತಪುರದ ಮಾರ್ ಇವಾನಿಯೋಸ್ ಕಾಲೇಜಿನಲ್ಲಿ ಎ. ಎಂ. ನಡಕ್ಕಲ್ ಮತ್ತು ಅವರ ವಿದ್ಯಾರ್ಥಿಗಳು ಇರುವೆಗಳ ಹೊಟ್ಟೆ ಬಿಡಿಸುತ್ತಿದ್ದರು. ರಾಯೆಟಿನ ಲಾಡಿಹುಳುವಿನ ಮರಿ ಇರುವೆಯೊಳಗೆ ಬೆಳೆಯುತ್ತದೆ, ಇರುವೆಯನ್ನು ತಿಂದ ಕೋಳಿಗೆ ದಾಟುತ್ತದೆ. ಯಾವ ತಳಿಯ ಕೋಳಿ ಅದನ್ನು ಎಷ್ಟು ತಡೆಯುತ್ತದೆ ಎಂದೂ ಅವರು 1971ರ ಹೊತ್ತಿಗೇ ಪರೀಕ್ಷಿಸಿದ್ದರು. ಪಶುವೈದ್ಯಕೀಯದ ಹೊರಗೆ, ಒಂದು ಕಲಾ-ವಿಜ್ಞಾನ ಕಾಲೇಜಿನಲ್ಲಿ ಇಂಥ ಕೆಲಸ ನಡೆಯಿತು ಎಂಬುದನ್ನು ಮರೆಯಬಾರದು.

ಕರುಳು, ಕೆರೆ, ಇರುವೆ ಮೂರನ್ನೂ ಒಟ್ಟಿಗೆ ಹಿಡಿದ ಈ ವಿದ್ಯೆ ಎಂಬತ್ತರ ದಶಕದ ನಂತರ ಬತ್ತತೊಡಗಿತು. ಹುಳು ಮಾಯವಾಗಿ ಹಾಗಾದದ್ದಲ್ಲ, ಕೋಳಿ ಪಂಜರ ಸೇರಿದ್ದರಿಂದ ಹಾಗಾಯಿತು. 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಶುರುವಾಯಿತು, ಅದರ ಬೆನ್ನಿಗೆ ಕೋಳಿ ಸಾಕಣೆ ಉದ್ಯಮವಾಯಿತು. ತಂತಿಯ ಮೇಲೆ ನಿಂತ ಕೋಳಿಗೆ ಹಿಕ್ಕೆ ಮುಟ್ಟುವುದಿಲ್ಲ, ಇರುವೆ, ಜೀರುಂಡೆ, ಎರೆಹುಳು ಸಿಗುವುದಿಲ್ಲ. ಹುಳುವಿನ ದಾರಿಯೇ ಕಡಿದುಹೋಯಿತು. ಉದ್ಯಮಕ್ಕೆ ಬೇಕಾದದ್ದು ರಕ್ತಭೇದಿ ತರುವ ಕಾಕ್ಸಿಡಿಯಾದ ಸಂಶೋಧನೆ, ಕೊಕ್ಕರೆ ರೋಗದ ಲಸಿಕೆ. ದುಡ್ಡು ಅತ್ತ ಹರಿಯಿತು, ವಿದ್ಯಾರ್ಥಿಗಳೂ ಅತ್ತ ಹೋದರು. ಆ ಆಯ್ಕೆಯಿಂದ ದೊಡ್ಡ ಲಾಭವೇ ಆಯಿತು. ಹಿತ್ತಿಲ ಕೋಳಿ ಮಾತ್ರ ಲೆಕ್ಕದಿಂದ ಹೊರಗುಳಿಯಿತು.

ಉಳಿದ ಜಾಗವನ್ನು ಔಷಧ ತುಂಬಿತು. ಮುತ್ತುಗದ ಬೀಜ, ಅಡಿಕೆಯ ಅರೆಕೋಲಿನ್, ಕಮಲಾ ಪುಡಿ ಹಿಂದೆ ಸರಿದು, ಐವತ್ತರ ದಶಕದಲ್ಲಿ ಪೈಪರಜೀನ್, ಅರವತ್ತರಲ್ಲಿ ನಿಕ್ಲೊಸಮೈಡ್ ಮತ್ತು ಲೆವಮಿಸೋಲ್, ಎಪ್ಪತ್ತರಲ್ಲಿ ಆಲ್ಬೆಂಡಜೋಲ್ ಬಂದವು. ಅಗ್ಗದ ಪೈಪರಜೀನ್ ನೀರಲ್ಲಿ ಬೆರೆಯುತ್ತದೆ, ದುಂಡುಹುಳುವನ್ನು ಹೊರಹಾಕುತ್ತದೆ. ಲಾಡಿಹುಳುವಿಗೆ ಅದರಿಂದ ಏನೂ ಆಗುವುದಿಲ್ಲ. ಈ ಒಂದು ಸಂಗತಿಯನ್ನು ಬಯಲುಸೀಮೆಯ ಮೇಲಿಟ್ಟು ನೋಡಬೇಕು. ದುಂಡುಹುಳುವಿನ ಮೊಟ್ಟೆ ಮಣ್ಣಲ್ಲಿ ಬಿದ್ದು, ತೇವ ಸಿಕ್ಕರೆ ಹತ್ತಿಪ್ಪತ್ತು ದಿನದಲ್ಲಿ ಸೋಂಕಿಗೆ ಸಿದ್ಧವಾಗುತ್ತದೆ. ಒಣ ಬಿಸಿಲಿಗೆ ಸಾಯುತ್ತದೆ. ಲಾಡಿಹುಳುವಿನ ಮರಿ ಇರುವೆ, ಜೀರುಂಡೆಗಳ ಹೊಟ್ಟೆಯಲ್ಲಿ ಬಿಸಿಲಿನಿಂದ ಸುರಕ್ಷಿತ. ಹೀಗಾಗಿ ಇಥಿಯೋಪಿಯದ ಆ ಸಮೀಕ್ಷೆಯಲ್ಲಿ ಲಾಡಿಹುಳುಗಳದ್ದೇ ಮೇಲುಗೈಯಾದದ್ದು ಅಚ್ಚರಿಯಲ್ಲ. ಹುನಗುಂದ, ಬಾದಾಮಿಯ ತಿಪ್ಪೆಗಳಲ್ಲೂ ಅದೇ ಲೆಕ್ಕ ನಡೆಯುವುದಾದರೆ, ಹಳ್ಳಿಗೆ ತಲುಪುವ ಅಗ್ಗದ ಔಷಧ ತಪ್ಪು ಹುಳುವಿಗೆ ಕೊಟ್ಟ ಔಷಧವಾಗುತ್ತದೆ.

ಬಾತುಗಳ ಕಥೆ ಇನ್ನೂ ತೆಳು. 1981ರಲ್ಲಿ ಹೆಸರಘಟ್ಟದಲ್ಲಿ ಕೇಂದ್ರೀಯ ಬಾತುಕೋಳಿ ತಳಿ ಕೇಂದ್ರ ಶುರುವಾಗಿ ಖಾಕಿ ಕ್ಯಾಂಪ್‌ಬೆಲ್ ಮರಿಗಳನ್ನು ದೇಶಕ್ಕೆ ಹಂಚಿತು. ಆದರೆ ಕರ್ನಾಟಕದಲ್ಲಿ ಬಾತು ಹೆಚ್ಚಾಗಿ ಕಾಣುವುದು ಭತ್ತದ ಕೊಯ್ಲಾದ ಮೇಲೆ ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ. ಆಂಧ್ರದ ಕಡೆಯ ಸಾಕಣೆದಾರರು ಹಿಂಡು ಹಿಂಡಾಗಿ ತಂದು ಉದುರಿದ ಕಾಳು, ಬಸವನಹುಳು, ಹುಪ್ಪಟೆಗಳನ್ನು ಮೇಯಿಸಿ ಮುಂದೆ ಹೋಗುತ್ತಾರೆ. ಬಂಡವಾಳವಿಲ್ಲದ ಕುಟುಂಬಗಳಿಗೆ ಇದೇ ಜೀವನ. ಬಾತು ತಿನ್ನುವ ಬಸವನಹುಳುವಿನಲ್ಲೇ ಅದರ ಹುಳುವಿನ ಮರಿಯೂ ಇರುತ್ತದೆ. ಎಕಿನೊಸ್ಟೋಮ, ಹೈಪೊಡೆರಿಯಮ್, ನೊಟೊಕೋಟೈಲಸ್ ಕರುಳಿಗೆ, ಟ್ರೇಕಿಯೊಫೈಲಸ್ ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟಿಸುತ್ತದೆ, ಟ್ರೈಕೊಬಿಲ್ಹಾರ್ಜಿಯ ರಕ್ತಕ್ಕೆ. ಕೊನೆಯದರ ಮರಿ ದಾರಿ ತಪ್ಪಿ ಗದ್ದೆಗಿಳಿದವರ ಕಾಲಿನ ಚರ್ಮ ಹೊಕ್ಕು ಸಾಯುತ್ತದೆ, ತುರಿಕೆಯ ದದ್ದು ಎಬ್ಬಿಸುತ್ತದೆ. ಮಿಶಿಗನ್ನಿನ ಸರೋವರದಲ್ಲಿ ಈಜುವವರ ತುರಿಕೆಗೆ ಇಂಥ ಮರಿಗಳೇ ಕಾರಣವೆಂದು 1928ರಲ್ಲಿ ಕಾರ್ಟ್ ತೋರಿಸಿದರು. ನಮ್ಮಲ್ಲಿ ಜಬಲ್ಪುರದ ಎಂ. ಸಿ. ಅಗ್ರವಾಲ್ ಈ ಜಾತಿಯ ಹುಳುಗಳ ಹಿಂದೆ ಜೀವಮಾನ ಕಳೆದು 2012ರಲ್ಲಿ ದಕ್ಷಿಣ ಏಷ್ಯಾದ ಸಮಗ್ರ ಗ್ರಂಥ ಬರೆದರು. ನಾಟಿ ಮಾಡುವ ಹೆಣ್ಣಾಳುಗಳ ಕಾಲಿನ ತುರಿಯನ್ನು ಈ ಕಣ್ಣಿನಿಂದ ನೋಡುವ ವೈದ್ಯರು ಮಾತ್ರ ಇನ್ನೂ ವಿರಳ.

ಬಾತುಗಳ ವಿಷಯದಲ್ಲಿ ಹಾದಿ ತೋರಿದವರು ನೆರೆಯ ಬಂಗಾಳದವರು. ಮೈಮನ್‌ಸಿಂಗ್‌ನ ಬಾಂಗ್ಲಾದೇಶ ಕೃಷಿ ವಿಶ್ವವಿದ್ಯಾಲಯದ ಅನಿಸುಝಮಾನ್ ಮತ್ತು ಸಂಗಡಿಗರ 2005ರ ಬರಹ ಊರ ಬಾತುಗಳಲ್ಲಿ ಯಾವ ಋತುವಿನಲ್ಲಿ ಯಾವ ಹುಳು ಎಂಬಲ್ಲಿಗೆ ನಿಲ್ಲಲಿಲ್ಲ. ಹುಳುವಿನಿಂದ ಉತ್ಪಾದನೆಗೆ ಏನಾಗುತ್ತದೆ ಎಂದೂ ಅಳೆಯಿತು. ಮನೆ ನಡೆಸುವವಳಿಗೆ ಬೇಕಾದ ಪ್ರಶ್ನೆ ಅದು.

ಇನ್ನೂ ದೊಡ್ಡ ಜಿಗಿತ ಇಂಡೊನೇಷ್ಯದಲ್ಲಿ ಆಯಿತು. ಸುಹಾರ್ದೊನೊ ಮತ್ತು ಆಸ್ಟ್ರೇಲಿಯದ ಕೋಪ್‌ಮನ್ ಪಶ್ಚಿಮ ಜಾವಾದ ಗದ್ದೆಗಳಲ್ಲಿ ಎಮ್ಮೆ, ದನಗಳ ಯಕೃತ್ತಿನ ಹುಳು ಫ್ಯಾಸಿಯೊಲ ಜೈಗ್ಯಾಂಟಿಕದ ಬೆನ್ನು ಹತ್ತಿದ್ದರು. ಬಾತಿನ ಎಕಿನೊಸ್ಟೋಮ ಮತ್ತು ದನದ ಫ್ಯಾಸಿಯೊಲ ಎರಡೂ ಬೆಳೆಯುವುದು ಒಂದೇ ಬಸವನಹುಳುವಿನೊಳಗೆ. ಅಲ್ಲಿ ಎದುರಾದರೆ ಎಕಿನೊಸ್ಟೋಮದ ಮರಿ ಫ್ಯಾಸಿಯೊಲದ ಮರಿಯನ್ನು ತಿಂದುಹಾಕುತ್ತದೆ. ಹಾಗಾಗಿ ದನದ ಕೊಟ್ಟಿಗೆಯ ನೀರು ಗದ್ದೆಗಿಳಿಯುವ ಜಾಗದಲ್ಲಿ ಬಾತಿನ ಗೂಡು ಕಟ್ಟಿಸಿದರು. ಬಾತಿನ ಹಿಕ್ಕೆಯೇ ದನದ ಕಾವಲಾಯಿತು. ಔಷಧವಿಲ್ಲ, ಖರ್ಚಿಲ್ಲ. ಹುಳುವಿನ ಜೀವನವೃತ್ತಾಂತ ತಿಳಿದವರಿಗೆ ಮಾತ್ರ ಇಂಥ ಉಪಾಯ ಹೊಳೆಯುತ್ತದೆ. ಫ್ಯಾಸಿಯೊಲದಿಂದ ನರಳುವ ಎಮ್ಮೆಗಳು, ಕಾಲುವೆ, ಭತ್ತ, ಬಾತು ಎಲ್ಲವೂ ಇರುವ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇದನ್ನು ಪರೀಕ್ಷಿಸಿ ನೋಡಲು ಅಡ್ಡಿ ಏನಿದೆ?

ಜಂತುಹುಳುವನ್ನು ಔಷಧವಿಲ್ಲದೆ ಸೋಲಿಸಬಹುದು ಎಂಬುದಕ್ಕೆ ಉತ್ತರ ಕರ್ನಾಟಕ ದೂರ ಹುಡುಕಬೇಕಿಲ್ಲ. ನಾರುಹುಣ್ಣು ಈ ನೆಲದ ಪೀಡೆಯೇ ಆಗಿತ್ತು. ಬಾಗಲಕೋಟೆ 1997ರಲ್ಲಿ ಬೇರೆ ಜಿಲ್ಲೆಯಾಗುವ ಮೊದಲಿನ ಅಖಂಡ ವಿಜಾಪುರ, ಅದರ ಸುತ್ತಿನ ಕಲಬುರ್ಗಿ, ರಾಯಚೂರು ಸೀಮೆಯ ಮೆಟ್ಟಿಲುಬಾವಿಗಳೇ ಅದರ ತವರು. ಕಾಲಿನ ಹುಣ್ಣನ್ನು ನೀರಿಗೆ ಅದ್ದಿದಾಗ ಹುಳು ಮರಿ ಬಿಡುತ್ತದೆ, ಸೈಕ್ಲೋಪ್ಸ್ ಎಂಬ ನೀರಚಿಗಟ ಅದನ್ನು ನುಂಗುತ್ತದೆ, ಆ ನೀರು ಕುಡಿದವರಿಗೆ ಮುಂದಿನ ವರ್ಷ ಹುಣ್ಣು. ರಷ್ಯದ ಫೆಡ್ಚೆಂಕೊ 1870ರಲ್ಲಿ ಈ ನೀರಚಿಗಟದ ಪಾತ್ರ ಕಂಡುಹಿಡಿದಿದ್ದ. ಹುಳುವಿಗೆ ಔಷಧ ಆಗಲೂ ಇರಲಿಲ್ಲ, ಈಗಲೂ ಇಲ್ಲ. 1983-84ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಬಟ್ಟೆಯಿಂದ ನೀರು ಸೋಸುವುದನ್ನು ಕಲಿಸಿತು, ಬಾವಿಯ ಮೆಟ್ಟಿಲು ಮುಚ್ಚಿಸಿತು, ಕೊಳವೆಬಾವಿ ತೋಡಿಸಿತು, ಟೆಮೆಫಾಸ್ ಹಾಕಿ ಸೈಕ್ಲೋಪ್ಸ್ ಕೊಂದಿತು. ದೇಶದ ಕೊನೆಯ ರೋಗಿ 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕಂಡುಬಂದ. 2000ದ ಫೆಬ್ರುವರಿಯಲ್ಲಿ ಭಾರತಕ್ಕೆ ಮುಕ್ತಿಯ ಪ್ರಮಾಣಪತ್ರ ಸಿಕ್ಕಿತು. ಗೆದ್ದದ್ದು ಮಧ್ಯವರ್ತಿ ಜೀವಿಯನ್ನು ಕುರಿತ ತಿಳಿವಳಿಕೆ.

ನಾರುಹುಣ್ಣಿನ ಹುಳುವಿಗೆ ಬಾತಿನಲ್ಲೊಂದು ದಾಯಾದಿ ಇದೆ, ಅವಿಯೊಸರ್ಪೆನ್ಸ್ ತೈವಾನ. ತೈವಾನ್, ದಕ್ಷಿಣ ಚೀನಗಳ ಬಾತುಮರಿಗಳ ಗದ್ದದ ಕೆಳಗೆ ಗಡ್ಡೆ ಎಬ್ಬಿಸಿ ಮೇವು ನುಂಗದಂತೆ ಮಾಡುತ್ತದೆ. ಹರಡುವುದು ಅದೇ ಸೈಕ್ಲೋಪ್ಸ್‌ನಿಂದ. ಮನುಷ್ಯರ ಕಾಲಿಗೆ ಬಂದಾಗ ಅಷ್ಟು ಚೆನ್ನಾಗಿ ಕಲಿತ ಪಾಠವನ್ನು ಹಕ್ಕಿಯ ಗೂಡಿಗೆ ಒಯ್ಯಲು ನಮ್ಮ ಪಶುಪಾಲನಾ ವ್ಯವಸ್ಥೆಗೆ ಇನ್ನೂ ಮನಸ್ಸಾಗಿಲ್ಲ.

ಇತ್ತೀಚಿನ ಮೂರು ದಶಕಗಳಲ್ಲಿ ಹಿತ್ತಿಲ ಕೋಳಿ ಮತ್ತೆ ಗಮನಕ್ಕೆ ಬಂದಿದೆ. ಡೆನ್ಮಾರ್ಕಿನ ಪರ್ಮಿನ್ ಮತ್ತು ಹಾನ್ಸೆನ್ 1998ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಗೆ ಬರೆದ ಕೈಪಿಡಿ ಬಡವರ ಕೋಳಿಯ ಹುಳುಗಳನ್ನೇ ಮುಂದಿಟ್ಟಿತು. ಯುರೋಪು 2012ರಿಂದ ಹಳೆಯ ಮಾದರಿಯ ಪಂಜರಗಳನ್ನು ನಿಷೇಧಿಸಿದ ಮೇಲೆ ಅಸ್ಕಾರಿಡಿಯಾ ಅಲ್ಲಿನ ಉದ್ಯಮಕ್ಕೇ ಮರಳಿತು, ಸಂಶೋಧನೆಯ ಹಣವೂ ಮರಳಿತು. ಅಮೆರಿಕದ ಟರ್ಕಿ ಕೋಳಿಗಳ ದುಂಡುಹುಳು ಫೆನ್‌ಬೆಂಡಜೋಲ್ ಔಷಧಕ್ಕೆ ಬಗ್ಗುತ್ತಿಲ್ಲವೆಂದು 2019ರಲ್ಲಿ ವರದಿಯಾಯಿತು. ಔಷಧವೊಂದನ್ನೇ ನಂಬಿದವರಿಗೆ ಇದು ಎಚ್ಚರಿಕೆ. ಡಿಎನ್‌ಎ ವಿಧಾನಗಳು ಬಂದಿವೆ, ಗುರುತಿಸುವಿಕೆ ಚುರುಕಾಗಿದೆ, ಇದು ಸ್ವಾಗತಾರ್ಹ. ಆದರೆ ನಮ್ಮ ಸ್ನಾತಕೋತ್ತರ ಪ್ರಬಂಧಗಳಲ್ಲಿ ಹೆಚ್ಚಿನವು ಇಂತಿಷ್ಟು ಕೋಳಿ, ಇಂತಿಷ್ಟು ಶೇಕಡಾ ಹುಳು ಎಂಬಲ್ಲಿಗೆ ಮುಗಿಯುತ್ತವೆ. ಸಂತೆಯಿಂದ ಒಮ್ಮೆ ತಂದ ಸತ್ತ ಕೋಳಿ, ಒಮ್ಮೆ ಎಣಿಕೆ. ಅದರ ತಿಪ್ಪೆಯನ್ನು ಯಾರೂ ಕೆದಕುವುದಿಲ್ಲ.

ಸರ್ಕಾರದ ಕಡೆಯಿಂದಲೂ ಹಿತ್ತಿಲಿಗೆ ಕೋಳಿ ಬರುತ್ತಿದೆ. ಎಂಬತ್ತರ ದಶಕದ ಕೊನೆಯಲ್ಲಿ ಹೆಬ್ಬಾಳದವರೇ ಗಿರಿರಾಜ ತಳಿ ಕೊಟ್ಟರು, 2005ರಲ್ಲಿ ಸ್ವರ್ಣಧಾರ ಬಂತು. 2019ರ ಜಾನುವಾರು ಗಣತಿಯ ಪ್ರಕಾರ ದೇಶದ ಹಿತ್ತಿಲ ಕೋಳಿ-ಬಾತುಗಳ ಸಂಖ್ಯೆ ಸುಮಾರು 31.7 ಕೋಟಿ, ಹಿಂದಿನ ಗಣತಿಗಿಂತ ಶೇ 46ರಷ್ಟು ಹೆಚ್ಚು. ಕೇಂದ್ರದ ಯೋಜನೆಯಲ್ಲಿ ತಾಯಿಕೇಂದ್ರಗಳು ಮರಿಗಳನ್ನು ನಾಲ್ಕು ವಾರ ಸಾಕಿ, ಲಸಿಕೆ ಹಾಕಿಸಿ ಬಡ ಕುಟುಂಬಗಳಿಗೆ ಕೊಡುತ್ತವೆ. ಕಾವುಪೆಟ್ಟಿಗೆಯ ಶುಚಿಯಲ್ಲಿ ಬೆಳೆದ, ಹುಳುವಿನ ಪರಿಚಯವೇ ಇಲ್ಲದ ಮರಿ ನಾಲ್ಕನೆಯ ವಾರಕ್ಕೆ ನೇರ ತಿಪ್ಪೆಗಿಳಿಯುತ್ತದೆ. ಆಕರ್ಟ್ ಹಿಡಿದುಕೊಟ್ಟ ಮೂರು ತಿಂಗಳ ಅಪಾಯದ ವಯಸ್ಸು ದಾಟಲು ಆಗಿನ್ನೂ ಎರಡು ತಿಂಗಳು ಬಾಕಿ. ಜೂನ್, ಜುಲೈಯಲ್ಲಿ ಹಂಚಿದರೆ ಮಳೆಯ ತೇವಕ್ಕೆ ಮೊಟ್ಟೆಗಳೂ ಹದಗೊಂಡಿರುತ್ತವೆ. ಮಾರ್ಚಿನಲ್ಲಿ ಹಂಚಿದ ಮರಿಗೂ ಆಗಸ್ಟಿನಲ್ಲಿ ಹಂಚಿದ ಮರಿಗೂ ಆರು ತಿಂಗಳ ತೂಕದಲ್ಲಿ ಎಷ್ಟು ವ್ಯತ್ಯಾಸ? ಮರಿ ಕೊಡುವಾಗಲೇ ಆರು, ಹತ್ತು, ಹದಿನಾಲ್ಕನೆಯ ವಾರದ ಜಂತುನಾಶಕವನ್ನೂ, ಲಾಡಿಹುಳುವಿಗೆ ನಾಟುವಂಥದ್ದನ್ನೂ ಪೊಟ್ಟಣ ಕಟ್ಟಿ ಕೊಟ್ಟರೆ ಉಳಿಯುವ ಮರಿಗಳೆಷ್ಟು? ಲಸಿಕೆಯ ಲೆಕ್ಕ ಇಟ್ಟಷ್ಟೇ ಶಿಸ್ತಿನಿಂದ ಈ ಲೆಕ್ಕವನ್ನೂ ಇಡಬೇಕು.

ಮಲಪ್ರಭೆಯ ದಂಡೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಒಂದು ಮಗ್ಗುಲಿಗೆ ಕಾಲುವೆಯ ಊರು, ಇನ್ನೊಂದು ಮಗ್ಗುಲಿಗೆ ಬಾದಾಮಿಯ ಕೆಂಪುಕಲ್ಲಿನ ಒಣ ಊರು. 2019ರ ಆಗಸ್ಟಿನಂತೆ ಹೊಳೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳೊಳಗೆ ನುಗ್ಗಿದ ವರ್ಷಗಳಲ್ಲಿ ಬಸವನಹುಳುಗಳೂ ನೆರೆಯೊಂದಿಗೆ ಹೊಸ ಹೊಂಡಗಳಿಗೆ ಸೇರುತ್ತವೆ. ಪಕ್ಕದ ಗದಗಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ, ಆಲಮಟ್ಟಿಯ ಹಿನ್ನೀರಿಗೂ ವಲಸೆ ಹಕ್ಕಿಗಳುಂಟು; ಕಾಡುಬಾತು ತಂದ ಹುಳುವಿಗೂ ಊರ ಬಾತಿನ ಹುಳುವಿಗೂ ನಂಟು ಹುಡುಕಲು ದೂರ ಹೋಗಬೇಕಿಲ್ಲ. ಗದಗಿನಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಒಣ ಊರು ಮೂರು, ಕಾಲುವೆಯ ಊರು ಮೂರು, ಒಂದು ಪೂರ್ಣ ವರ್ಷ. ಪ್ರತಿ ತಿಂಗಳು ಅದೇ ತಿಪ್ಪೆಗಳಿಂದ ಇರುವೆ, ಜೀರುಂಡೆ. ಅದೇ ಹೊಂಡಗಳಿಂದ ಬಸವನಹುಳು. ಟೆಟ್ರಮೋರಿಯಮ್ ಮತ್ತು ಫೈಡೋಲೆ ಕುಲದ ಇರುವೆಗಳು ರಾಯೆಟಿನವನ್ನು ಹೊರುತ್ತವೆ ಎಂದು ಜಗತ್ತಿಗೆ ಗೊತ್ತು. ಬಾದಾಮಿಯ ತಿಪ್ಪೆಯಲ್ಲಿ ಹೊರುವ ಇರುವೆ ಇವುಗಳಲ್ಲಿ ಯಾವುದು, ಯಾವ ತಿಂಗಳಲ್ಲಿ ಅದರ ಹೊಟ್ಟೆಯಲ್ಲಿ ಮರಿ ಹೆಚ್ಚು ಎಂದು ತಿಳಿದರೆ ಕೋಳಿಗೂಡನ್ನು ಯಾವಾಗ ಜಾಗ ಬದಲಿಸಬೇಕು, ಮರಿಗಳನ್ನು ಎಷ್ಟು ದಿನ ಬುಟ್ಟಿಯಡಿ ಇಡಬೇಕು ಎಂದು ಕೋಳಿ ಸಾಕುವವಳಿಗೆ ಖಚಿತವಾಗಿ ಹೇಳಬಹುದು. ಬೇಕಾದ ಸಲಕರಣೆ ಕಪ್ಪು ತಟ್ಟೆ, ಜರಡಿ, ಗಾಜಿನ ಲೋಟ, ಒಂದು ಸಾಧಾರಣ ಸೂಕ್ಷ್ಮದರ್ಶಕ. ಮುಂಗಾರಿನ ಮೊದಲ ಮಳೆ ಬಿದ್ದ ವಾರವೇ ಎಣಿಕೆ ಶುರುವಾಗಬೇಕು.